ಷೇರುದಾರರಿಗೆ ಹೇಳಿದ್ದು, ಗ್ರಾಹಕರು ಕೇಳಬೇಕಾದ್ದು



2016ರ ಸೆಪ್ಟೆಂಬರ್ 1, ಗುರುವಾರ. ಮುಂಬೈಯ ಬಿರ್ಲಾ ಮಾತುಶ್ರೀ ಸಭಾಗಾರದಲ್ಲಿ ರಿಲಯನ್ಸ್ ಇಂಡಸ್ಟ್ರೀಸ್ ಕಂಪನಿಯ ಷೇರುದಾರರ ವಾರ್ಷಿಕ ಮಹಾಸಭೆ. ಇಂಥ ಸಭೆಗಳ ಕಲಾಪ ಹೊರಗಿನವರಿಗೆ ರುಚಿಸುವಂಥದ್ದಲ್ಲ. ಲೆಕ್ಕಪತ್ರಕ್ಕೆ ಒಪ್ಪಿಗೆ, ಲಾಭಾಂಶದ ಘೋಷಣೆ, ಲೆಕ್ಕಪರಿಶೋಧಕರ ನೇಮಕ, ಕೊನೆಗೆ ವಂದನಾರ್ಪಣೆ. ಆ ದಿನ ಮಾತ್ರ ದೇಶವೇ ಆ ಸಭೆಯ ಕಡೆ ಕಿವಿ ಕೊಟ್ಟಿತ್ತು. ಅಧ್ಯಕ್ಷ ಮುಕೇಶ್ ಅಂಬಾನಿ ಅವರು ಜಿಯೊ ಎಂಬ ಹೊಸ ಮೊಬೈಲ್ ಸೇವೆಯ ದರಪಟ್ಟಿಯನ್ನು ಷೇರುದಾರರ ಮುಂದೆ ಬಿಚ್ಚಿಟ್ಟರು. ದೇಶದ ಯಾವ ಮೂಲೆಗೆ ಫೋನ್ ಮಾಡಿದರೂ ಮಾತಿಗೆ ದುಡ್ಡಿಲ್ಲ. ರೋಮಿಂಗ್ ಶುಲ್ಕವಿಲ್ಲ. ಒಂದು ಜಿಬಿ ಡೇಟಾ 50 ರೂಪಾಯಿಗೆ ಸಿಗುತ್ತದೆ. ಆಗ ಬೇರೆ ಕಂಪನಿಗಳಲ್ಲಿ ಅದಕ್ಕೆ 250 ರೂಪಾಯಿ ಆಸುಪಾಸು ಕೊಡಬೇಕಿತ್ತು. ಸೆಪ್ಟೆಂಬರ್ 5ರಿಂದ ಸೇವೆ ಶುರು, ಡಿಸೆಂಬರ್ 31ರ ತನಕ ಎಲ್ಲವೂ ಪುಕ್ಕಟೆ.

ಅವರು ಮಾತಾಡುತ್ತಿದ್ದಷ್ಟು ಹೊತ್ತೂ ಷೇರುಪೇಟೆಯಲ್ಲಿ ಪ್ರತಿಸ್ಪರ್ಧಿಗಳ ಷೇರುಗಳು ಜಾರುತ್ತಲೇ ಇದ್ದವು. ವಹಿವಾಟು ಮುಗಿಯುವಾಗ ಏರ್‌ಟೆಲ್ ಷೇರು ಸುಮಾರು ಶೇ 6ರಷ್ಟು, ಐಡಿಯಾ ಷೇರು ಸುಮಾರು ಶೇ 10ರಷ್ಟು ಇಳಿದಿತ್ತು. ರಿಲಯನ್ಸಿನ ಷೇರೂ ಆ ದಿನ ಇಳಿಯಿತು ಎಂಬುದನ್ನು ಬಹಳ ಜನ ಮರೆತಿದ್ದಾರೆ. ಗ್ರಾಹಕರಿಗೆ ಹಬ್ಬದಂಥ ಸುದ್ದಿ ಬಂದ ದಿನ ಹೂಡಿಕೆದಾರರು ಹೆದರಿದ್ದರು.

ಅಲ್ಲಿಂದ 2024ರ ಜೂನ್ 27ಕ್ಕೆ ಬನ್ನಿ. ಅದೇ ಕಂಪನಿ ಅಂದು ದರ ಏರಿಕೆ ಪ್ರಕಟಿಸಿತು. 155 ರೂಪಾಯಿಯ ಪ್ಯಾಕ್ 189 ಆಯಿತು, 239ರದ್ದು 299 ಆಯಿತು. ಮರುದಿನ ರಿಲಯನ್ಸ್ ಷೇರು ಅಲ್ಲಿಯವರೆಗಿನ ದಾಖಲೆ ಎತ್ತರ ಮುಟ್ಟಿತು. ಈ ಸಲ ಹೂಡಿಕೆದಾರರಿಗೆ ಹಬ್ಬ, ಗ್ರಾಹಕರಿಗೆ ಹೊರೆ.

ಈ ಎರಡು ದಿನಗಳ ನಡುವೆ ಷೇರುದಾರರಿಗೆ ಏನೇನು ಹೇಳಲಾಯಿತು, ಅದು ನಮ್ಮ ಕಿಸೆಗೆ ಯಾವ ರೂಪದಲ್ಲಿ ಬಂತು ಎಂಬುದನ್ನು ಇವತ್ತು ನಿಮ್ಮ ಮುಂದೆ ಇಡುತ್ತೇನೆ. ಮೊಬೈಲ್ ಕಂಪನಿಯ ಬೆಳವಣಿಗೆಯ ಯೋಜನೆ ಎಂದರೆ ಅದು ಷೇರುಪೇಟೆಯವರ ವಿಷಯ, ನಮಗೇಕೆ ಎಂದು ರೇಡಿಯೊ ಆರಿಸಬೇಡಿ. ಷೇರುದಾರರಿಗೆ ವರಮಾನ ಎಂದು ಲೆಕ್ಕ ಒಪ್ಪಿಸುವ ಹಣವನ್ನು ಕೊಡುವವರು ನಾವೇ.

ಕಥೆ ಸ್ವಲ್ಪ ಹಿಂದಿನಿಂದ ಶುರುವಾಗುತ್ತದೆ. ಭಾರತದಲ್ಲಿ ಮೊದಲ ಮೊಬೈಲ್ ಕರೆ ಹೋದದ್ದು 1995ರ ಜುಲೈ 31ರಂದು. ಕೋಲ್ಕತ್ತದ ರೈಟರ್ಸ್ ಬಿಲ್ಡಿಂಗ್‌ನಿಂದ ಮುಖ್ಯಮಂತ್ರಿ ಜ್ಯೋತಿ ಬಸು ಅವರು ದೆಹಲಿಯಲ್ಲಿದ್ದ ದೂರಸಂಪರ್ಕ ಸಚಿವ ಸುಖರಾಂ ಅವರೊಂದಿಗೆ ಮಾತಾಡಿದರು. ಆಗ ಹೊರಹೋಗುವ ಕರೆಗೆ ದುಡ್ಡು, ಒಳಬರುವ ಕರೆಗೂ ದುಡ್ಡು. ಒಳಬರುವ ಕರೆ ಪುಕ್ಕಟೆಯಾದದ್ದು 2003ರಲ್ಲಿ. ಅದಕ್ಕೆ ಕೆಲವೇ ತಿಂಗಳ ಮೊದಲು, 2002ರ ಡಿಸೆಂಬರ್ 28ರಂದು, ಮುಕೇಶ್ ಅವರ ತಂದೆ ಧೀರೂಭಾಯಿ ಅಂಬಾನಿಯವರ ಹುಟ್ಟುಹಬ್ಬದ ದಿನವೇ ರಿಲಯನ್ಸ್ ಇನ್ಫೊಕಾಮ್ ಶುರುವಾಗಿತ್ತು. ಫೋನ್ ಕರೆ ಅಂಚೆ ಕಾರ್ಡಿಗಿಂತ ಅಗ್ಗವಾಗಬೇಕೆಂಬುದು ಧೀರೂಭಾಯಿಯವರ ಆಸೆಯಾಗಿತ್ತು. 501 ರೂಪಾಯಿ ಕಟ್ಟಿ ಫೋನ್ ತಂದ ಆ ಕಾಲ ನಿಮ್ಮಲ್ಲಿ ಅನೇಕರಿಗೆ ನೆನಪಿರಬೇಕು. 2005ರಲ್ಲಿ ಅಣ್ಣತಮ್ಮಂದಿರ ನಡುವೆ ಆಸ್ತಿ ಪಾಲಾದಾಗ ಈ ಫೋನ್ ವ್ಯವಹಾರ ತಮ್ಮ ಅನಿಲ್ ಅವರಿಗೆ ಹೋಯಿತು. ಒಬ್ಬರ ವ್ಯವಹಾರಕ್ಕೆ ಇನ್ನೊಬ್ಬರು ಕೈಹಾಕಬಾರದೆಂಬ ಕರಾರು ರದ್ದಾದದ್ದು 2010ರ ಮೇ ತಿಂಗಳಲ್ಲಿ.

ಮುಂದಿನ ತಿಂಗಳೇ ಇನ್ಫೊಟೆಲ್ ಎಂಬ ಚಿಕ್ಕ ಕಂಪನಿಯೊಂದು ಸರ್ಕಾರದ ಹರಾಜಿನಲ್ಲಿ ಇಡೀ ದೇಶಕ್ಕೆ ವೈರ್‌ಲೆಸ್ ಬ್ರಾಡ್‌ಬ್ಯಾಂಡ್ ತರಂಗಾಂತರವನ್ನು 12,848 ಕೋಟಿ ರೂಪಾಯಿಗೆ ಗೆದ್ದಿತು. ಹರಾಜು ಮುಗಿದ ಬೆನ್ನಲ್ಲೇ ಆ ಕಂಪನಿಯ ಶೇ 95ರಷ್ಟು ಪಾಲನ್ನು ರಿಲಯನ್ಸ್ ಇಂಡಸ್ಟ್ರೀಸ್ 4,800 ಕೋಟಿಗೆ ತೆಗೆದುಕೊಂಡಿತು. ಅಲ್ಲಿಂದ 2016ರವರೆಗೆ, ಆರು ವರ್ಷ, ಷೇರುದಾರರು ಕಾದರು. ಪ್ರತಿ ವರ್ಷದ ಸಭೆಯಲ್ಲೂ ಬರುತ್ತದೆ ಎಂಬ ಮಾತು. ಹಣ ಹೋಗುತ್ತಿದೆ, ಸೇವೆ ಬಂದಿಲ್ಲ. ಸೇವೆ ಆರಂಭವಾಗುವ ಹೊತ್ತಿಗೆ ಒಂದೂವರೆ ಲಕ್ಷ ಕೋಟಿಗೂ ಹೆಚ್ಚು ಹಣ ಸುರಿದಾಗಿತ್ತು. ಪೆಟ್ರೋಲಿಯಂ ಮತ್ತು ಪೆಟ್ರೊಕೆಮಿಕಲ್ ವ್ಯವಹಾರದ ಲಾಭ ಬೆನ್ನಿಗಿರದಿದ್ದರೆ ಯಾವ ಫೋನ್ ಕಂಪನಿಯೂ ಅಷ್ಟು ದೀರ್ಘ ಕಾಲ ಹೀಗೆ ಕಾಯಲಾರದು. ಜಿಯೊ ಗೆದ್ದದ್ದು ಅಗ್ಗದ ದರದಿಂದ ಎನ್ನುತ್ತಾರೆ. ನನ್ನ ಅಭಿಪ್ರಾಯದಲ್ಲಿ ಅದು ಗೆದ್ದದ್ದು ಕಾಯುವ ಶಕ್ತಿಯಿಂದ. ಸಾಲ ತಂದು ಟವರ್ ಹಾಕಿ ಬಡ್ಡಿ ಕಟ್ಟುತ್ತಿದ್ದ ಇತರರಿಗೆ ಆ ಶಕ್ತಿ ಇರಲಿಲ್ಲ.

ಮಾತಿಗೆ ದುಡ್ಡಿಲ್ಲ ಎಂದು ಹೇಳಲು ಹೇಗೆ ಸಾಧ್ಯವಾಯಿತು? ಇದರಲ್ಲಿ ಧಾರಾಳತನದಷ್ಟೇ ತಂತ್ರಜ್ಞಾನವೂ ಇದೆ. ಹಳೆಯ 2ಜಿ ಜಾಲದಲ್ಲಿ ಇಬ್ಬರು ಮಾತಾಡುವಾಗ ಅವರಿಗಾಗಿಯೇ ಒಂದು ದಾರಿಯನ್ನು ಮೀಸಲಿಡಬೇಕು. ಅವರು ಸುಮ್ಮನಿದ್ದರೂ ಆ ದಾರಿಯಲ್ಲಿ ಬೇರೆಯವರಿಗೆ ಪ್ರವೇಶವಿಲ್ಲ. ಜಿಯೊ 2ಜಿ, 3ಜಿಗಳ ಗೊಡವೆಗೇ ಹೋಗದೆ ನೇರವಾಗಿ 4ಜಿ ಜಾಲ ಕಟ್ಟಿತು. ಅದರಲ್ಲಿ ಮಾತೂ ಡೇಟಾದ ಚಿಕ್ಕ ಚಿಕ್ಕ ತುಣುಕುಗಳಾಗಿಯೇ ಹೋಗುತ್ತದೆ. ಒಂದು ಸಿನಿಮಾ ಹಾಡಿನ ವಿಡಿಯೊ ನೋಡಲು ಬೇಕಾಗುವ ಡೇಟಾದಲ್ಲಿ ಎಷ್ಟೋ ಹೊತ್ತು ಮಾತಾಡಬಹುದು. ಹೀಗಾಗಿ ಮಾತನ್ನು ಉಚಿತ ಮಾಡಿ ಡೇಟಾಕ್ಕೆ ಬೆಲೆ ಕಟ್ಟುವುದು ಅವರಿಗೆ ಸುಲಭವಾಯಿತು. ತೊಡಕು ಇದ್ದದ್ದು ಇನ್ನೊಂದು ಕಡೆ. ಈ ಜಾಲದಲ್ಲಿ ಮಾತಾಡಲು 4ಜಿ ಫೋನೇ ಬೇಕು, ಹಳೆಯ ಕೀಪ್ಯಾಡ್ ಫೋನ್ ನಡೆಯದು. ಆದ್ದರಿಂದ 2017ರ ಜುಲೈ 21ರ ಸಭೆಯಲ್ಲಿ ಜಿಯೊಫೋನ್ ಬಂತು. ನೋಡಲು ಕೀಪ್ಯಾಡ್ ಫೋನ್, ಒಳಗೆ 4ಜಿ. 1,500 ರೂಪಾಯಿ ಠೇವಣಿ, ಮೂರು ವರ್ಷದ ನಂತರ ವಾಪಸ್.

ಆ ವೇಳೆಗೆ ಗ್ರಾಹಕರ ಸಂಖ್ಯೆಯ ಬಗ್ಗೆ ಷೇರುದಾರರಿಗೆ ಯಾವ ಅನುಮಾನವೂ ಉಳಿದಿರಲಿಲ್ಲ. ಶುರುವಾಗಿ 170 ದಿನಗಳಲ್ಲಿ 10 ಕೋಟಿ ಜನ ಸೇರಿದ್ದರು. ಇತ್ತ ಹಳೆಯ ಹೆಸರುಗಳು ಒಂದೊಂದಾಗಿ ಅಳಿಸಿಹೋದವು. ಅನಿಲ್ ಅಂಬಾನಿಯವರ ಪಾಲಿಗೆ ಹೋಗಿದ್ದ ಆ ಫೋನ್ ಕಂಪನಿ, ಆರ್‌ಕಾಂ, 2017ರ ಕೊನೆಗೆ ಮೊಬೈಲ್ ಸೇವೆ ನಿಲ್ಲಿಸಿತು. ಏರ್‌ಸೆಲ್ 2018ರಲ್ಲಿ ದಿವಾಳಿ ಕೋರಿ ಅರ್ಜಿ ಹಾಕಿತು. ಟೆಲಿನಾರ್, ಟಾಟಾ ಡೊಕೊಮೊ ಗ್ರಾಹಕರು ಏರ್‌ಟೆಲ್‌ಗೆ ಸೇರಿದರು. ವೊಡಾಫೋನ್ ಮತ್ತು ಐಡಿಯಾ 2018ರ ಆಗಸ್ಟ್‌ನಲ್ಲಿ ಒಂದಾದವು. ಕರ್ನಾಟಕದಲ್ಲಿ ಮೊದಲ ಸಿಮ್ ಎಂದರೆ ಸ್ಪೈಸ್ ಎಂದು ನೆನೆಯುವ ಹಿರಿಯರಿದ್ದಾರೆ. ಅದು ಮೊದಲೇ ಐಡಿಯಾದೊಳಗೆ ಕರಗಿತ್ತು. ಈಗ ಉಳಿದಿರುವುದು ಮೂರು ಖಾಸಗಿ ಕಂಪನಿಗಳು, ಜೊತೆಗೆ ಸರ್ಕಾರದ ಬಿಎಸ್‌ಎನ್‌ಎಲ್.

ಇಲ್ಲಿಂದ ಭಾಷಣಗಳ ಧಾಟಿ ಬದಲಾಯಿತು. ಮೊದಲ ವರ್ಷಗಳಲ್ಲಿ ಬೆಳವಣಿಗೆ ಎಂದರೆ ಎಷ್ಟು ಜನ ಸೇರಿದರು ಎಂಬ ಲೆಕ್ಕ. ನಂತರದ ವರ್ಷಗಳಲ್ಲಿ ಅದರ ಪಕ್ಕದಲ್ಲಿ ಎರಡಕ್ಷರದ ಒಂದು ಮಾತು ಬಂದು ಕೂತಿತು: ಆರ್ಪು. ಒಬ್ಬ ಗ್ರಾಹಕನಿಂದ ಕಂಪನಿಗೆ ತಿಂಗಳಿಗೆ ಸರಾಸರಿ ಎಷ್ಟು ಹಣ ಬರುತ್ತದೆ ಎಂಬ ಲೆಕ್ಕ ಅದು. ಈಗ ಷೇರುಪೇಟೆಯ ವಿಶ್ಲೇಷಕರು ಮೊದಲು ನೋಡುವುದೇ ಅದನ್ನು.

ಎರಡು ವರ್ಷಗಳ ಅಂಕಿ ಹೇಳುತ್ತೇನೆ, ದಯವಿಟ್ಟು ಗಮನವಿಟ್ಟು ಕೇಳಿ. 2020ರ ಮಾರ್ಚ್‌ನಲ್ಲಿ ಜಿಯೊ ಗ್ರಾಹಕರು 38.75 ಕೋಟಿ; ತಲಾ ತಿಂಗಳ ಆದಾಯ 130.6 ರೂಪಾಯಿ. 2025ರ ಮಾರ್ಚ್‌ನಲ್ಲಿ ಗ್ರಾಹಕರು 48.8 ಕೋಟಿ, ತಲಾ ಆದಾಯ 206.2 ರೂಪಾಯಿ. ಐದು ವರ್ಷದಲ್ಲಿ ಜನ ಹೆಚ್ಚಿದ್ದು ನೂರಕ್ಕೆ ಇಪ್ಪತ್ತಾರು. ತಲಾ ಹಣ ಹೆಚ್ಚಿದ್ದು ನೂರಕ್ಕೆ ಐವತ್ತೆಂಟು. ಎರಡನ್ನೂ ಗುಣಿಸಿದರೆ ತಿಂಗಳ ವರಮಾನ ಹೆಚ್ಚುಕಡಿಮೆ ದುಪ್ಪಟ್ಟು. ಈ ಸರಾಸರಿಯಲ್ಲಿ ಮನೆಯ ಬ್ರಾಡ್‌ಬ್ಯಾಂಡ್ ಸಂಪರ್ಕಗಳ ಹಣವೂ ಸೇರಿದೆ, ಅದನ್ನು ಒಪ್ಪುತ್ತೇನೆ. ಆದರೂ ದಿಕ್ಕು ಸ್ಪಷ್ಟ. ಹೊಸ ಜನ ಸಿಗುವುದು ಕಡಿಮೆಯಾದಾಗ ಬೆಳವಣಿಗೆ ಬರಬೇಕಾದದ್ದು ಇರುವ ಜನರಿಂದಲೇ.

2024ರ ದರ ಏರಿಕೆಯ ನಂತರ ಜಿಯೊ ಬಿಟ್ಟುಹೋದವರು ಕಡಿಮೆ ಏನಲ್ಲ. ಜುಲೈನಿಂದ ಸೆಪ್ಟೆಂಬರ್‌ವರೆಗಿನ ಮೂರು ತಿಂಗಳಲ್ಲಿ ಗ್ರಾಹಕರ ಸಂಖ್ಯೆ ಒಂದು ಕೋಟಿಗೂ ಹೆಚ್ಚು ಇಳಿಯಿತು. ಅದೇ ಮೂರು ತಿಂಗಳಲ್ಲಿ ತಲಾ ಆದಾಯ 181.7ರಿಂದ 195.1ಕ್ಕೆ ಏರಿತು, ಲಾಭವೂ ಏರಿತು. ಒಂದು ಕೋಟಿ ಜನ ಹೋದರೂ ಲಾಭ ಏರುವ ವ್ಯವಹಾರದಲ್ಲಿ ಗ್ರಾಹಕನ ಮುನಿಸಿಗೆ ಎಷ್ಟು ಬಲವಿದ್ದೀತು? ಇದು ನನ್ನನ್ನು ಕಾಡುವ ಪ್ರಶ್ನೆ.

ಜಿಯೊ ಒಂದನ್ನೇ ದೂರುವುದು ನ್ಯಾಯವಲ್ಲ. ಏರ್‌ಟೆಲ್‌ನ ಸುನಿಲ್ ಮಿತ್ತಲ್ ಅವರು ತಲಾ ಆದಾಯ ಮೊದಲು 200, ಆಮೇಲೆ 300 ಆಗಬೇಕೆಂದು ವರ್ಷಗಳಿಂದ ಬಾಯಿಬಿಟ್ಟೇ ಹೇಳುತ್ತ ಬಂದಿದ್ದಾರೆ. 2025ರ ಮಾರ್ಚ್ ಹೊತ್ತಿಗೆ ಅವರದು 245 ಮುಟ್ಟಿತ್ತು. ಹೇಳಿದ್ದನ್ನು ಹೇಳಿದಂತೆ ಮಾಡಿದರು ಎನ್ನಬೇಕು. ಕಂಪನಿಗಳ ವಾದದಲ್ಲಿ ಹುರುಳಿಲ್ಲವೆಂದೂ ಅಲ್ಲ. 2022ರ ತರಂಗಾಂತರ ಹರಾಜಿನಲ್ಲಿ ಜಿಯೊ ಒಂದೇ 88,078 ಕೋಟಿ ರೂಪಾಯಿಯ ಬಿಡ್ ಹಾಕಿತು. ಆ ಹಣ ಎಲ್ಲಿಂದಲೋ ಬರಬೇಕಲ್ಲ. ಪ್ರಪಂಚದ ಬಹುಪಾಲು ದೇಶಗಳಿಗಿಂತ ನಮ್ಮಲ್ಲಿ ಡೇಟಾ ಈಗಲೂ ಅಗ್ಗ ಎಂಬುದೂ ನಿಜ. ಆದರೆ ಈ ಅಗ್ಗದ ಮಾತು ದಿನಕ್ಕೆ ಎರಡು ಜಿಬಿ ಬಳಸುವವನಿಗೆ ಅನ್ವಯಿಸುತ್ತದೆ. ಡೇಟಾ ಬೇಡವೇ ಬೇಡ ಎನ್ನುವವರ ಪಾಡೇನು?

ನಮ್ಮ ಬಡಾವಣೆಯ ರೀಚಾರ್ಜ್ ಅಂಗಡಿಯಲ್ಲಿ ಕಂಡದ್ದು ಹೇಳುತ್ತೇನೆ. ವಯಸ್ಸಾದ ತಾಯಿಯೊಬ್ಬರು ಸೆರಗಿನ ಗಂಟಿನಿಂದ ಕೀಪ್ಯಾಡ್ ಫೋನ್ ಬಿಚ್ಚಿ ಕೊಟ್ಟರು. "ನಂಗೆ ನೆಟ್ಟುಗಿಟ್ಟು ಬ್ಯಾಡ ಕಣಪ್ಪ. ಮಗಳ ಜೊತೆ ಮಾತಾಡೋಕೆ ಕರೆನ್ಸಿ ಹಾಕು, ಸಾಕು" ಅಂದರು. ಹುಡುಗ ಪರದೆ ನೋಡುತ್ತ, "ಅಜ್ಜೀ, ಎರಡೂ ಸೇರ್ಕೊಂಡೇ ಬರುತ್ತೆ, ಬರೀ ಮಾತಿಗೆ ಅಂತ ಇಲ್ಲ" ಎಂದ. ಆಕೆ ನೋಟುಗಳನ್ನು ಒಂದೊಂದಾಗಿ ಎಣಿಸಿ ಕೊಟ್ಟರು. ಬಳಸದ ಡೇಟಾಕ್ಕೂ ಸೇರಿಸಿ ಕೊಟ್ಟರು. "ಯಾವಾಗ ಮುಗೀತದೆ?" ಎಂದು ಕೇಳಿದಾಗ ಹುಡುಗ ಗೋಡೆಯ ಕ್ಯಾಲೆಂಡರಿನಲ್ಲಿ ಬೆರಳಿಟ್ಟು ಇಪ್ಪತ್ತೆಂಟು ದಿನ ಎಣಿಸಿ ತೋರಿಸಿದ.

ಆ ಇಪ್ಪತ್ತೆಂಟು ದಿನದ ಲೆಕ್ಕವನ್ನು ನೀವೂ ಒಮ್ಮೆ ಮಾಡಿ ನೋಡಿ. ತಿಂಗಳಿಗೊಮ್ಮೆ ಎಂದುಕೊಂಡು ಹಾಕಿಸುವ ಪ್ಯಾಕ್ ವರ್ಷಕ್ಕೆ ಹನ್ನೆರಡಲ್ಲ, ಹದಿಮೂರು ಸಲ ಬೇಕಾಗುತ್ತದೆ. ದರ ಏರಿಸದೆಯೇ ವರ್ಷಕ್ಕೆ ಒಂದು ಕಂತು ಹೆಚ್ಚು. ಜನರ ದೂರುಗಳ ಮೇಲೆ 2022ರ ಜನವರಿಯಲ್ಲಿ ನಿಯಂತ್ರಣ ಪ್ರಾಧಿಕಾರ ಟ್ರಾಯ್, ಪ್ರತಿ ಕಂಪನಿಯೂ 30 ದಿನದ ಪ್ಯಾಕ್ ಒಂದನ್ನಾದರೂ ಇಡಲೇಬೇಕೆಂದು ನಿಯಮ ಮಾಡಿತು. 2024ರ ಡಿಸೆಂಬರ್‌ನಲ್ಲಿ, ಬರೀ ಮಾತು ಮತ್ತು ಎಸ್‌ಎಂಎಸ್‌ಗೆ ಪ್ರತ್ಯೇಕ ಪ್ಯಾಕ್ ಕೊಡಬೇಕೆಂದು ಆದೇಶಿಸಿತು. ಮುಂದಿನ ತಿಂಗಳು ಜಿಯೊ 84 ದಿನಕ್ಕೆ 448 ರೂಪಾಯಿಯ ಪ್ಯಾಕ್ ತಂದಿತು. ಏರ್‌ಟೆಲ್ 469ರದ್ದು ತಂದಿತು. ಇವು ಷೇರುದಾರರ ಸಭೆಯ ಭಾಷಣದಿಂದ ಬಂದವಲ್ಲ. ಸರ್ಕಾರಿ ಪ್ರಾಧಿಕಾರವೊಂದು ಹೇಳಿ ಮಾಡಿಸಿದ್ದು. ನಿಮ್ಮ ಮನೆಯ ಹಿರಿಯರ ಫೋನಿಗೆ ಯಾವ ಪ್ಯಾಕ್ ಇದೆ ಎಂದು ಇವತ್ತೇ ವಿಚಾರಿಸಿ.

ಭಾಷಣಗಳಲ್ಲಿ ಕೊಟ್ಟ ಮಾತು ಎಷ್ಟು ನಡೆಯಿತು? ಇಲ್ಲಿ ಕಂಪನಿಗೆ ಸಲ್ಲಬೇಕಾದ ಮೆಚ್ಚುಗೆ ಸಲ್ಲಲೇಬೇಕು. 2019ರ ಆಗಸ್ಟ್‌ನ ಸಭೆಯಲ್ಲಿ, 2021ರ ಮಾರ್ಚ್ ಒಳಗೆ ರಿಲಯನ್ಸನ್ನು ನಿವ್ವಳ ಸಾಲವಿಲ್ಲದ ಕಂಪನಿ ಮಾಡುತ್ತೇವೆ ಎಂದರು. ಆಗ ನಿವ್ವಳ ಸಾಲ ಒಂದೂವರೆ ಲಕ್ಷ ಕೋಟಿ ದಾಟಿತ್ತು. ಜಿಯೊದ ಪಾಲನ್ನು ಫೇಸ್‌ಬುಕ್ ಮುಂತಾದವರಿಗೆ ಮಾರಿ ಹಣ ತಂದರು. ಗಡುವಿಗೆ ಎಷ್ಟೋ ಮೊದಲೇ, 2020ರ ಜೂನ್‌ನಲ್ಲಿ, ಗುರಿ ಮುಟ್ಟಿದೆವೆಂದು ಪ್ರಕಟಿಸಿದರು. 2022ರ ಸಭೆಯಲ್ಲಿ 5ಜಿಗೆ ಎರಡು ಲಕ್ಷ ಕೋಟಿ ಹೂಡುತ್ತೇವೆ, ದೀಪಾವಳಿಗೆ ದೆಹಲಿ, ಮುಂಬೈ, ಕೋಲ್ಕತ್ತ, ಚೆನ್ನೈಗಳಲ್ಲಿ ಶುರು, 2023ರ ಡಿಸೆಂಬರ್ ಒಳಗೆ ಪ್ರತಿ ಪಟ್ಟಣ, ಪ್ರತಿ ತಾಲ್ಲೂಕು ಎಂದರು. ಅದೂ ಬಹುಮಟ್ಟಿಗೆ ನಡೆಯಿತು.

ಎಲ್ಲ ಮಾತೂ ಹಾಗೆ ನಿಲ್ಲಲಿಲ್ಲ. ಮಾತಿಗೆ ದುಡ್ಡಿಲ್ಲ ಎಂದವರೇ 2019ರ ಅಕ್ಟೋಬರ್‌ನಲ್ಲಿ ಬೇರೆ ಕಂಪನಿಯ ಸಂಖ್ಯೆಗೆ ಮಾಡುವ ಕರೆಗೆ ನಿಮಿಷಕ್ಕೆ 6 ಪೈಸೆ ಹಾಕಿದರು. ಕಂಪನಿಗಳು ಪರಸ್ಪರ ಕೊಡಬೇಕಿದ್ದ ಶುಲ್ಕ ಅದು. 2021ರ ಜನವರಿ 1ರಂದು ಟ್ರಾಯ್ ನಿಯಮದಂತೆ ಆ ಶುಲ್ಕವೇ ಇಲ್ಲವಾದಾಗ ಮತ್ತೆ ಉಚಿತವಾಯಿತು. 2ಜಿಯಿಂದ ಭಾರತವನ್ನು ಮುಕ್ತ ಮಾಡುತ್ತೇವೆ ಎಂದು 2020ರಲ್ಲೂ 2021ರಲ್ಲೂ ಹೇಳಿದರು. ಅದಕ್ಕೆಂದೇ ತಂದ ಜಿಯೊಫೋನ್ ನೆಕ್ಸ್ಟ್ ಗಣೇಶ ಚತುರ್ಥಿಗೆ ಎಂದದ್ದು ಚಿಪ್ ಅಭಾವದಿಂದ ದೀಪಾವಳಿಗೆ ಹೋಯಿತು. ಬೆಲೆ 6,499 ರೂಪಾಯಿ. ಕೂಲಿನಾಲಿ ಮಾಡುವವರಿಗೆ ಅದು ಅಗ್ಗವಲ್ಲ. 2023ರಲ್ಲಿ 999 ರೂಪಾಯಿಯ ಜಿಯೊಭಾರತ್ ಫೋನ್ ಬಂದ ಮೇಲೆ ಆ ಕಡೆ ಕೆಲಸ ಸ್ವಲ್ಪ ಸರಾಗವಾಯಿತು.

ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು ಆ 'ಪ್ರತಿ ತಾಲ್ಲೂಕು' ಎಂಬ ಮಾತು. ತಾಲ್ಲೂಕು ಮುಟ್ಟಿತು ಎಂದರೆ ತಾಲ್ಲೂಕು ಕೇಂದ್ರ ಮುಟ್ಟಿತು. ಅಲ್ಲಿಂದ ಮೂವತ್ತು ಕಿಲೊಮೀಟರ್ ಆಚೆಯ ಕೇರಿ ಮುಟ್ಟಿತೆಂದಲ್ಲ. ಕಂಪನಿಗಳು ವ್ಯಾಪ್ತಿಯ ಲೆಕ್ಕ ಕೊಡುವುದು ಬಹುತೇಕ ಜನಸಂಖ್ಯೆಯ ಶೇಕಡಾವಾರಿನಲ್ಲಿ. ನೂರಕ್ಕೆ 95ಕ್ಕಿಂತ ಹೆಚ್ಚು ಜನರಿಗೆ ಸಿಗ್ನಲ್ ಇದೆ ಎಂಬುದು ಭಾಷಣದಲ್ಲಿ ಚಪ್ಪಾಳೆ ಗಿಟ್ಟಿಸುವ ಮಾತು. ಉಳಿದ ಕೆಲವರು ಎಲ್ಲಿದ್ದಾರೆ ಎಂದು ನಮಗೆ ಗೊತ್ತು. ಹೊಸನಗರ, ಜೋಯಿಡಾ, ಸುಳ್ಯ, ಕೊಡಗಿನ ಕಾಡಂಚಿನಲ್ಲಿದ್ದಾರೆ. 2021ರ ಮಳೆಗಾಲದಲ್ಲಿ ಸುಳ್ಯ ತಾಲ್ಲೂಕಿನ ರಸ್ತೆಬದಿಯಲ್ಲಿ ಕೂತು ಆನ್‌ಲೈನ್ ಪಾಠ ಕೇಳುತ್ತಿದ್ದ ಮಗಳಿಗೆ ಅಪ್ಪ ಕೊಡೆ ಹಿಡಿದು ನಿಂತಿದ್ದ ಚಿತ್ರವನ್ನು ಇಡೀ ದೇಶ ನೋಡಿತು. ಮನೆಯೊಳಗೆ ಸಿಗ್ನಲ್ ಇದ್ದಿದ್ದರೆ ಆ ಮಗು ಹೊರಗೆ ಬರಬೇಕಿರಲಿಲ್ಲ.

ಮಲೆನಾಡಿನಲ್ಲಿ ಸಿಗ್ನಲ್ ಸಿಗದಿರುವುದಕ್ಕೆ ಕಾರಣಗಳುಂಟು. ಹೆಚ್ಚಿನ ಆವರ್ತನದ ಅಲೆಗಳು ಬೇಗ ಸೋಲುತ್ತವೆ. ಗುಡ್ಡ, ಒದ್ದೆ ಮರ, ಮಣ್ಣಿನ ಗೋಡೆ ದಾಟಲಾರವು. 700 ಮೆಗಾಹರ್ಟ್ಸ್‌ನಂಥ ಕಡಿಮೆ ಆವರ್ತನದ ಅಲೆಗಳು ದೂರ ಹೋಗುತ್ತವೆ. 2022ರಲ್ಲಿ ಜಿಯೊ ಅದನ್ನೂ ಕೊಂಡಿದೆ. ಅಂದರೆ ಸಾಮಗ್ರಿ ಕೈಯಲ್ಲಿದೆ. ಇಲ್ಲದ್ದು ಲಾಭ. ಇಪ್ಪತ್ತು ಮನೆಯ ಊರಿಗೆ ಟವರ್ ಹಾಕಿದರೆ ವಿದ್ಯುತ್ತು, ಡೀಸೆಲ್ಲು, ನಿರ್ವಹಣೆಯ ಖರ್ಚೂ ಹುಟ್ಟುವುದಿಲ್ಲ. ಅದಕ್ಕಾಗಿಯೇ ಕಂಪನಿಗಳ ಆದಾಯದಲ್ಲಿ ಶೇ 5ರಷ್ಟನ್ನು ತೆಗೆದಿಡುವ ನಿಧಿ ಇದೆ. ಈಗ ಅದರ ಹೆಸರು ಡಿಜಿಟಲ್ ಭಾರತ್ ನಿಧಿ. 2022ರಲ್ಲಿ ಕೇಂದ್ರ ಸರ್ಕಾರ 24,680 ಹಳ್ಳಿಗಳಿಗೆ 4ಜಿ ತಲುಪಿಸುವ 26,316 ಕೋಟಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಆ ಹೊಣೆ ಬಿದ್ದದ್ದು ಬಿಎಸ್‌ಎನ್‌ಎಲ್ ಹೆಗಲಿಗೆ. 2025ರ ಸೆಪ್ಟೆಂಬರ್ 27ರಂದು ಒಡಿಶಾದ ಝಾರ್ಸುಗುಡದಲ್ಲಿ ಪ್ರಧಾನಿ ಉದ್ಘಾಟಿಸಿದ ಬಿಎಸ್‌ಎನ್‌ಎಲ್ 4ಜಿ ಜಾಲದ ರೇಡಿಯೊ ಉಪಕರಣಗಳು ನಮ್ಮ ಬೆಂಗಳೂರಿನ ತೇಜಸ್ ನೆಟ್‌ವರ್ಕ್ಸ್‌ನವು. ಸಿ-ಡಾಟ್ ಮತ್ತು ಟಿಸಿಎಸ್ ಉಳಿದ ಭಾಗ ಕಟ್ಟಿದವು. ದೇಶದೊಳಗೇ ಇಂಥ ಜಾಲ ಕಟ್ಟಬಹುದು ಎಂದು ತೋರಿಸಿದ ಕೆಲಸ ಅದು. ನನಗೆ ಅದರ ಬಗ್ಗೆ ಹೆಮ್ಮೆಯಿದೆ.

ಇನ್ನು ಷೇರುದಾರರು ಯಾರು ಎಂಬ ಮಾತು. ವೊಡಾಫೋನ್ ಐಡಿಯಾ ಸರ್ಕಾರಕ್ಕೆ ಕೊಡಬೇಕಿದ್ದ ಬಾಕಿಯನ್ನು ಷೇರುಗಳಾಗಿ ಬದಲಿಸಿದ್ದರಿಂದ 2025ರಲ್ಲಿ ಕೇಂದ್ರ ಸರ್ಕಾರದ ಪಾಲು ಶೇ 49ರ ಹತ್ತಿರ ಬಂತು. ಅಂದರೆ ತೆರಿಗೆ ಕಟ್ಟುವ ನಾವೆಲ್ಲರೂ ಅದರ ಪಾಲುದಾರರು. ಎಲ್‌ಐಸಿ ರಿಲಯನ್ಸಿನ ದೊಡ್ಡ ಷೇರುದಾರರಲ್ಲೊಂದು. ಆ ಹಣ ಪಾಲಿಸಿದಾರರದ್ದು. 2025ರ ಆಗಸ್ಟ್ 29ರ ಸಭೆಯಲ್ಲಿ, 2026ರ ಮೊದಲರ್ಧದೊಳಗೆ ಜಿಯೊ ಷೇರುಗಳನ್ನು ಸಾರ್ವಜನಿಕರಿಗೆ ನೀಡುವ ಗುರಿಯಿದೆ ಎಂದು ಪ್ರಕಟಿಸಲಾಯಿತು. ಬಿಡಿ ಷೇರುಗಳ ಮೂಲಕವೋ ಮ್ಯೂಚುವಲ್ ಫಂಡ್ ಮೂಲಕವೋ ಇನ್ನಷ್ಟು ಕನ್ನಡಿಗರ ಉಳಿತಾಯ ಆ ಕಡೆಗೆ ಹೋಗಲಿದೆ.

ನಮ್ಮೂರುಗಳ ಸಹಕಾರಿ ಸೊಸೈಟಿಯ ಸರ್ವಸದಸ್ಯರ ಸಭೆಯನ್ನು ನೆನೆಯಿರಿ. ನೂರು ರೂಪಾಯಿ ಷೇರು ಇದ್ದವನೂ ಎದ್ದು ನಿಂತು, ಗೊಬ್ಬರ ಯಾಕೆ ತಡವಾಯಿತು ಎಂದು ಕಾರ್ಯದರ್ಶಿಯನ್ನು ಕೇಳುತ್ತಾನೆ. ಕಂಪನಿಯ ವಾರ್ಷಿಕ ಸಭೆಯಲ್ಲೂ ಅದೇ ಹಕ್ಕು ಇದೆ. ಒಂದೇ ಷೇರು ಸಾಕು. ಸಭೆಗೆ 21 ದಿನ ಮೊದಲು ನೋಟಿಸ್ ಬರಬೇಕೆಂಬುದು ಕಾನೂನು. ಕೊರೊನಾ ಕಾಲದಿಂದ ದೊಡ್ಡ ಕಂಪನಿಗಳ ಸಭೆಗಳು ವಿಡಿಯೊ ಮೂಲಕ ನಡೆಯುತ್ತಿವೆ. ಮುಂಬೈಗೆ ಹೋಗಬೇಕಿಲ್ಲ, ತೀರ್ಥಹಳ್ಳಿಯಲ್ಲೇ ಕೂತು ಪಾಲ್ಗೊಳ್ಳಬಹುದು. ಮಾತಾಡಬೇಕೆಂದಿದ್ದರೆ ಮುಂಚೆಯೇ ಹೆಸರು ನೋಂದಾಯಿಸಬೇಕು. ಹೇಗೆ ಎಂಬುದು ಆ ನೋಟಿಸಿನಲ್ಲೇ ಇರುತ್ತದೆ. ನಮ್ಮಲ್ಲಿ ಬಹಳ ಮಂದಿ ಆ ಇಮೇಲನ್ನು ತೆರೆಯುವುದೇ ಇಲ್ಲ.

ಮುಂದಿನ ಸಲ ತೆರೆಯಿರಿ. ಲಾಭಾಂಶ ಎಷ್ಟು, ಬೋನಸ್ ಷೇರು ಯಾವಾಗ ಎಂದು ಕೇಳುವವರು ಬೇಕಾದಷ್ಟು ಜನ ಇರುತ್ತಾರೆ. ನೀವು ಬೇರೆ ಪ್ರಶ್ನೆ ಕೇಳಿ. ನನ್ನ ತಾಲ್ಲೂಕಿನ ಎಷ್ಟು ಹಳ್ಳಿಗಳಲ್ಲಿ ನಿಮ್ಮ ಸಿಗ್ನಲ್ ಇಲ್ಲ? ಈ ವರ್ಷ ಅವುಗಳಲ್ಲಿ ಎಷ್ಟಕ್ಕೆ ಬರುತ್ತದೆ? ಡೇಟಾ ಬೇಡದವರ ಪ್ಯಾಕ್ ಅಂಗಡಿಯ ಹುಡುಗನಿಗೇ ಗೊತ್ತಿಲ್ಲವಲ್ಲ, ಯಾಕೆ? ಉತ್ತರ ಸಿಗದಿದ್ದರೂ ಅಡ್ಡಿಯಿಲ್ಲ, ಬರವಣಿಗೆಯಲ್ಲಿ ಕಳಿಸಿ. ಒಂದು ಜಿಲ್ಲೆಯಿಂದ ನೂರು ಷೇರುದಾರರು ಒಂದೇ ಪ್ರಶ್ನೆ ಕಳಿಸಿದರೆ ಮರುವರ್ಷದ ಭಾಷಣದಲ್ಲಿ ಅದಕ್ಕೊಂದು ವಾಕ್ಯವಾದರೂ ಬರುತ್ತದೆಂದು ನನಗೆ ಭರವಸೆಯಿದೆ.